ಒಂದೇ ಬಂಡೆ ಮೇಲೆ ಅಷ್ಟೊಂದು ಇದ್ದರೂ ಈ ಬಸವನಹುಳು ಅಪರೂಪ ಹೇಗೆ?

ಓದುಗರ ಪ್ರಶ್ನೆ: ಆಗುಂಬೆ ಕಡೆ ಒಂದು ಅಬ್ಬಿಯ ಪಕ್ಕದ ಬಂಡೆಗೆ ಕಾಳಿನಷ್ಟು ಚಿಕ್ಕ ಬಸವನಹುಳುಗಳು ಹತ್ತಾರು ಅಂಟಿಕೊಂಡಿದ್ದವು. ಇವು ತುಂಬಾ ಅಪರೂಪ ಅಂತಾರೆ. ಇಷ್ಟೊಂದು ಇರುವಾಗ ಅಪರೂಪ ಹೇಗಾಗುತ್ತೆ?

ಒಂದು ಬಂಡೆ ಮೇಲೆ ಎಷ್ಟಿವೆ ಅನ್ನೋದಕ್ಕಿಂತ, ಅಂಥ ಬಂಡೆಗಳು ಎಷ್ಟು ಕಡೆ ಇವೆ ಅಂತ ನೋಡಬೇಕು. ನೀವು ಕಂಡಿದ್ದು ಕ್ರೆಮ್ನೋಕಾಂಕಸ್ ಕುಲದ್ದೇ (ಕುಲ ಅಂದ್ರೆ ಹತ್ತಿರದ ಪ್ರಭೇದಗಳ ಗುಂಪು) ಇರಬೇಕು. ಇಡೀ ಪ್ರಪಂಚದಲ್ಲಿ ಈ ಕುಲ ಇರೋದು ಪಶ್ಚಿಮ ಘಟ್ಟದಲ್ಲಿ ಮಾತ್ರ. ಅದೂ ಘಟ್ಟದ ಉದ್ದಕ್ಕೂ ಅಲ್ಲ, ಮಹಾರಾಷ್ಟ್ರದಲ್ಲಿ ಒಂದಿಷ್ಟು ಕಡೆ, ಆಮೇಲೆ ನೂರಾರು ಕಿಲೋಮೀಟರ್ ಖಾಲಿ, ಮತ್ತೆ ನಮ್ಮ ಮಲೆನಾಡಿನಲ್ಲಿ.

ಇದರ ನೆಂಟರೆಲ್ಲ ಸಮುದ್ರದವರು. ಲಿಟೊರಿನಿಡೆ ಅನ್ನೋ ಈ ಕುಟುಂಬದಲ್ಲಿ ಸುಮಾರು 200 ಪ್ರಭೇದಗಳಿವೆ, ಹೆಚ್ಚಿನವು ಅಲೆ ಬಡಿಯುವ ಬಂಡೆಗಳ ಮೇಲೋ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮೇಲೋ ಇರುತ್ತವೆ. ಸಿಹಿನೀರಿಗೆ ಬಂದು ನೆಲೆಯಾಗಿದ್ದು ಈ ಒಂದೇ ಕುಲ. ಯೋಚಿಸಿದಷ್ಟೂ ಬೆರಗಾಗುವ ವಿಷಯ ಇದು.

ಬದುಕೋ ಜಾಗವೂ ತೀರಾ ಚಿಕ್ಕದು. ನೀರು ಧುಮುಕುವ ಕಡೆಗೂ ಒಣ ಬಂಡೆಗೂ ನಡುವೆ, ತುಂತುರು ಬಿದ್ದು ಒದ್ದೆಯಾಗಿರೋ ಒಂದು ಪಟ್ಟಿ ಇರುತ್ತಲ್ವಾ, ಅಲ್ಲೇ ಪಾಚಿ ಕೆರೆದು ತಿನ್ನುತ್ತಾ ಇರುತ್ತವೆ. ಚಿಪ್ಪು ಒಂದು ಸೆಂಟಿಮೀಟರ್ ಒಳಗೇ. ಒಳಗೆ ಸೇರಿಕೊಂಡಾಗ ಬಾಯಿ ಮುಚ್ಚೋಕೆ ಒಂದು ಪುಟ್ಟ ಮುಚ್ಚಳ ಇದೆ. ಒಂದು ಅಬ್ಬಿಯಿಂದ ಇನ್ನೊಂದಕ್ಕೆ ಹೋಗಬೇಕಂದ್ರೆ ನಡುವೆ ಕಾಡು, ಗುಡ್ಡ, ಒಣ ನೆಲ ಎಲ್ಲ ದಾಟಬೇಕು, ಇಷ್ಟು ಚಿಕ್ಕ ಜೀವಿಗೆ ಅದು ಸುಲಭವಲ್ಲ. ಹಾಗಾಗಿ ಬೇರೆ ಬೇರೆ ಕಡೆ ಬೇರೆ ಬೇರೆ ಪ್ರಭೇದಗಳಾಗಿಬಿಟ್ಟಿವೆ.

ಬ್ರಿಟಿಷ್ ಭೂವಿಜ್ಞಾನಿ ಬ್ಲಾನ್‌ಫೋರ್ಡ್ ಈ ಕುಲಕ್ಕೆ ಹೆಸರಿಟ್ಟಿದ್ದು 1869ರಲ್ಲಿ. ಕರ್ನಾಟಕದ ಪ್ರಭೇದಗಳನ್ನು ಡೇವಿಡ್ ರೀಡ್, ಎನ್.ಎ. ಅರವಿಂದ್ ಮತ್ತು ಎನ್.ಎ. ಮಧ್ಯಸ್ಥ ವಿವರಿಸಿದ್ದು 2013ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ. ಕ್ರೆಮ್ನೋಕಾಂಕಸ್ ಆಗುಂಬೆನ್ಸಿಸ್, ಕ್ರೆಮ್ನೋಕಾಂಕಸ್ ಹನುಮಾನಿ ಇವೆಲ್ಲ ಆಗ ಬಂದ ಹೆಸರುಗಳು.

ನನಗೆ ಜಾಸ್ತಿ ಭಯ ಇರೋದು ನೀರಿನ ಬಗ್ಗೆ. ಮೇಲ್ಗಡೆ ಪೈಪ್ ಹಾಕಿ ನೀರು ತಿರುಗಿಸಿದ್ರೆ ಅಬ್ಬಿ ಪೂರ್ತಿ ನಿಲ್ಲದೇ ಇರಬಹುದು, ಆದ್ರೆ ತುಂತುರು ಕಡಿಮೆಯಾಗಿ ಆ ಒದ್ದೆ ಪಟ್ಟಿ ಒಣಗುತ್ತೆ. ಅಲ್ಲಿದ್ದ ಹುಳುಗಳಿಗೆ ಬೇರೆ ಜಾಗವೇ ಇಲ್ಲ. ಸ್ನಾನಕ್ಕೆ ಇಳಿದವರ ಸೋಪು, ಶಾಂಪೂ ಸೇರೋದೂ ಇದೇ ನೀರಿಗೆ.

ಮುಂದಿನ ಸಲ ಕಂಡರೆ ಕಿತ್ತು ತರಬೇಡಿ, ಸುಮ್ನೆ ಹತ್ತಿರದಿಂದ ಫೋಟೊ ತೆಗೆಯಿರಿ. ಚಿಪ್ಪಿನ ಬಾಯಿ ಕಾಣುವ ಹಾಗೆ ಒಂದು, ಬಂಡೆ ಮತ್ತು ನೀರು ಎರಡೂ ಬರುವ ಹಾಗೆ ಇನ್ನೊಂದು. ಜೊತೆಗೆ ಅಬ್ಬಿಯ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ.