ಫಾರ್ಮ್ಯಾಟ್ ಮಾಡಿದರೂ ಮತ್ತೆ ಚಿಗುರುವ ಸಾಫ್ಟ್‌ವೇರ್

"ಫಾರ್ಮ್ಯಾಟ್ ಹೊಡೆಸಿಬಿಡಿ ಸಾರ್, ಎಲ್ಲಾ ಕ್ಲೀನ್ ಆಗುತ್ತೆ." ಚಿಕ್ಕಬಳ್ಳಾಪುರದಲ್ಲಾಗಲಿ, ಚಿಂತಾಮಣಿಯಲ್ಲಾಗಲಿ, ನಿಧಾನವಾದ ಲ್ಯಾಪ್‌ಟಾಪ್ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋದವರಿಗೆ ಮೊದಲು ಸಿಗುವ ಉತ್ತರ ಇದು. ಇದರ ಜೊತೆಗೇ ಇನ್ನೊಂದು ಹೆದರಿಕೆಯೂ ಊರೆಲ್ಲ ಹಬ್ಬಿದೆ: ಕಂಪನಿಯವರು ಹಾಕಿಕೊಟ್ಟ ಸಾಫ್ಟ್‌ವೇರ್ ತೆಗೆದರೆ ವಾರಂಟಿ ಹೋಗುತ್ತದಂತೆ. ಎರಡನೆಯದು ಬರೀ ಮೂಢನಂಬಿಕೆ. ಪರದೆ, ಬ್ಯಾಟರಿ, ಮದರ್‌ಬೋರ್ಡ್ ಕೆಟ್ಟರೆ ಅನ್ವಯಿಸುವ ವಾರಂಟಿಗೂ ನೀವು ಅಳಿಸಿದ ಒಂದು ಆಟಕ್ಕೂ ಸಂಬಂಧವಿಲ್ಲ. ಮೊದಲನೆಯದು ಅರ್ಧ ಸತ್ಯ. ಉಳಿದರ್ಧವೇ ಸ್ವಾರಸ್ಯ.

ಹೊಸ ಯಂತ್ರದೊಳಗೆ ಮೂವತ್ತು ದಿನದ ಆಂಟಿವೈರಸ್, ಯಾರೂ ಕೇಳದ ಆಟಗಳು, ದಿನಕ್ಕೊಮ್ಮೆ ಎದ್ದು ಬಂದು "ನಿಮ್ಮ ಸಿಸ್ಟಮ್ ಪರಿಶೀಲಿಸಿ" ಎನ್ನುವ ಕಿಟಕಿ ಇವೆಲ್ಲ ಏಕಿರುತ್ತವೆ? ಕಾರಣ ದುಡ್ಡು. ಕಂಪ್ಯೂಟರ್ ತಯಾರಿಕೆಯಲ್ಲಿ ಲಾಭ ತೀರಾ ಕಡಿಮೆ. ತಮ್ಮ ಸರಕನ್ನು ಒಳಗೆ ಇಟ್ಟು ಕಳಿಸಿ ಎಂದು ಸಾಫ್ಟ್‌ವೇರ್ ಕಂಪನಿಗಳು ತಯಾರಕರಿಗೆ ಹಣ ಕೊಡುತ್ತವೆ. 2008ರಲ್ಲಿ ಸೋನಿ ಕಂಪನಿ ಇದನ್ನೇ ತಿರುಗಿಸಿ, ಇಂಥವನ್ನು ತೆಗೆದುಕೊಡಲು ಗ್ರಾಹಕರಿಂದ ಸುಮಾರು 50 ಡಾಲರ್ ಕೇಳಿತು. ಜನ ಉಗಿದ ಮೇಲೆ ಆ ಶುಲ್ಕ ಬಿಟ್ಟಿತು.

ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿ ತೆರೆದು ಅನ್‌ಇನ್‌ಸ್ಟಾಲ್ ಒತ್ತುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಬಹುಪಾಲು ಕಸ ಅಲ್ಲಿಗೇ ಹೋಗುತ್ತದೆ. ಆದರೆ ವಿಂಡೋಸ್ ಕೆಲವು ಆ್ಯಪ್‌ಗಳ ಮೂಲಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಮಗಳಿಗೆಂದು ಅದೇ ಯಂತ್ರದಲ್ಲಿ ಹೊಸ ಖಾತೆ ತೆರೆದರೆ, ನೀವು ಅಳಿಸಿದ್ದು ಅವಳ ಖಾತೆಯಲ್ಲಿ ಪ್ರತ್ಯಕ್ಷ. ರಿಸೆಟ್ ಮಾಡಿದಾಗಲೂ ಇದೇ ಕಥೆ. ತಯಾರಕರು ಡಿಸ್ಕಿನ ರಿಕವರಿ ಭಾಗದಲ್ಲಿ ಬಿಟ್ಟಿರುವ ಗಂಟು ಮತ್ತೆ ಬಿಚ್ಚಿಕೊಳ್ಳುತ್ತದೆ. ಮೊದಲೇ ಬಂದಿದ್ದ ಆ್ಯಪ್‌ಗಳನ್ನು ಮರಳಿ ಹಾಕಲೇ ಎಂದು ರಿಸೆಟ್ ವೇಳೆ ಕೇಳಿದರೆ ಬೇಡ ಎನ್ನಿ. ಹೆಚ್ಚಿನವರು ಆ ಸಾಲನ್ನು ಓದುವುದೇ ಇಲ್ಲ.

ಈಗ ಡಿಸ್ಕನ್ನೇ ಬದಲಾಯಿಸಿದಿರಿ ಅನ್ನಿ. ಹೊಚ್ಚಹೊಸ ಎಸ್‌ಎಸ್‌ಡಿ, ಮೈಕ್ರೋಸಾಫ್ಟ್‌ನಿಂದಲೇ ಇಳಿಸಿಕೊಂಡ ಶುದ್ಧ ವಿಂಡೋಸ್. ಆದರೂ ಮೊದಲ ಬಾರಿ ಆನ್ ಮಾಡಿದಾಗ ತಯಾರಕರ ಸಾಫ್ಟ್‌ವೇರ್ ಹಾಜರ್! 2015ರಲ್ಲಿ ಲೆನೊವೊ ಲ್ಯಾಪ್‌ಟಾಪ್ ಬಳಸುತ್ತಿದ್ದವರು ಕಂಡು ದಂಗಾದದ್ದು ಇದನ್ನೇ. ಖಾಲಿ ಡಿಸ್ಕಿನಲ್ಲಿ ಅದು ಎಲ್ಲಿಂದ ಬಂತು?

ನಮ್ಮ ಕಡೆಯವರಿಗೆ ನೀಲಗಿರಿ ಚೆನ್ನಾಗಿ ಗೊತ್ತು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟದಲ್ಲಿ ನೆಟ್ಟದ್ದೇ ದೇಶದ ಮೊದಲ ನೀಲಗಿರಿ ಎನ್ನುತ್ತಾರೆ. ಆಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ಮರ ಕಡಿದರೆ ಕಾಂಡ ಮಾತ್ರ ಹೋಗುತ್ತದೆ. ಬುಡ ಮತ್ತೆ ಚಿಗುರಿ ಮುಂದಿನ ಕಟಾವಿಗೆ ಸಿದ್ಧವಾಗುತ್ತದೆ. ಹೊಲ ಮತ್ತೆ ರಾಗಿಗೆ ಬೇಕೆಂದರೆ ಜೆಸಿಬಿ ತರಿಸಿ ಬುಡವನ್ನೇ ಕೀಳಿಸಬೇಕು. ಡಿಸ್ಕು ಕಾಂಡವಾದರೆ, ಬುಡ ಇರುವುದು ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ.

ಬಯಾಸ್ ಎಂದು ರೂಢಿಯಲ್ಲಿ ಕರೆಯುವ ಫರ್ಮ್‌ವೇರ್ ಕೂತಿರುವುದು ಆ ಚಿಪ್ಪಿನಲ್ಲೇ. ಪವರ್ ಬಟನ್ ಒತ್ತಿದಾಗ ಡಿಸ್ಕಿಗಿಂತ ಮೊದಲು ಎಚ್ಚರವಾಗುವುದೂ ಅದೇ. ಎದ್ದ ಕೂಡಲೇ ಅದು ಯಂತ್ರದ ವಿವರಗಳನ್ನು ಕೋಷ್ಟಕಗಳಾಗಿ ಮೆಮೊರಿಯಲ್ಲಿ ಬರೆದಿಡುತ್ತದೆ. ಪ್ರತಿ ಕೋಷ್ಟಕಕ್ಕೂ ನಾಲ್ಕಕ್ಷರದ ಹೆಸರು. ಅವುಗಳಲ್ಲಿ ಡಬ್ಲ್ಯುಪಿಬಿಟಿ (WPBT) ಎಂಬುದು ವಿಂಡೋಸ್ 8ರ ಕಾಲದಿಂದ ಬಂದದ್ದು. ಅದು ತೋರಿಸುವುದು ಬರೀ ಮಾಹಿತಿಯನ್ನಲ್ಲ, ಒಂದು ಇಡೀ ಪ್ರೋಗ್ರಾಮನ್ನು. ನೀವು ಪಾಸ್‌ವರ್ಡ್ ಹೊಡೆಯುವುದಕ್ಕೂ ಮೊದಲು, ವಿಂಡೋಸ್‌ನ ಸೆಷನ್ ಮ್ಯಾನೇಜರ್ ಎಂಬ ಭಾಗ ಆ ಕೋಷ್ಟಕ ಇದೆಯೇ ಎಂದು ನೋಡುತ್ತದೆ. ಇದ್ದರೆ ಪ್ರೋಗ್ರಾಮನ್ನು ಎತ್ತಿ ಸಿಸ್ಟಮ್32 ಫೋಲ್ಡರಿನಲ್ಲಿ 'ಡಬ್ಲ್ಯುಪಿಬಿಬಿನ್' (wpbbin.exe) ಎಂಬ ಹೆಸರಿನಲ್ಲಿ ಬರೆದು, ಚಾಲೂ ಮಾಡುತ್ತದೆ. ಇಂಟರ್ನೆಟ್ ಸಿಕ್ಕಿದ ಮೇಲೆ ಉಳಿದ ಬಳಗವನ್ನು ಅದು ಕರೆಸಿಕೊಳ್ಳಬಹುದು.

ಇದು ಕಳ್ಳದಾರಿಯಾಗಿ ಹುಟ್ಟಿದ್ದಲ್ಲ. ಕದ್ದ ಲ್ಯಾಪ್‌ಟಾಪನ್ನು ಕಳ್ಳ ಫಾರ್ಮ್ಯಾಟ್ ಮಾಡಿದರೂ ಪತ್ತೆ ಹಚ್ಚುವ ಸಾಫ್ಟ್‌ವೇರ್ ಉಳಿಯಲಿ ಎಂಬಂಥ ಉದ್ದೇಶಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಸೌಲಭ್ಯ. ನಿಮ್ಮ ವಿಂಡೋಸ್‌ನ ಪರವಾನಗಿ ಕೀ ಕೂಡ ಇಂಥದ್ದೇ ಇನ್ನೊಂದು ಕೋಷ್ಟಕದಲ್ಲಿರುತ್ತದೆ. ಅದಕ್ಕೇ ವಿಂಡೋಸ್ ಜೊತೆಗೇ ಕೊಂಡ ಲ್ಯಾಪ್‌ಟಾಪಿಗೆ ಅದೇ ಆವೃತ್ತಿಯನ್ನು ಮತ್ತೆ ಹಾಕಿದರೆ ಕೀ ಕೇಳುವುದಿಲ್ಲ. ಈ ಒಂದು ಸಂಗತಿ ಗೊತ್ತಿದ್ದರೆ, ಹೊಸ ಕೀ ಎಂದು ಯಾರಾದರೂ ದುಡ್ಡು ಕೇಳಿದಾಗ ಪ್ರಶ್ನಿಸಬಹುದು.

ನನಗೆ ಕಳವಳವಾಗುವುದು ನಿಧಾನಗತಿಯ ಬಗ್ಗೆಯಲ್ಲ, ಬೀಗದ ಬಗ್ಗೆ. ಲೆನೊವೊದ ಆ ಸಾಫ್ಟ್‌ವೇರಿನಲ್ಲಿ ಭದ್ರತಾ ದೋಷ ಸಿಕ್ಕು, ಕಂಪನಿ ಅದನ್ನು ನಿಲ್ಲಿಸಬೇಕಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅದೇ ಕಂಪನಿಯ ಯಂತ್ರಗಳಲ್ಲಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ಸಾಫ್ಟ್‌ವೇರಿನ ಹೂರಣ ಹೊರಬಿದ್ದಿತ್ತು. ಸುರಕ್ಷಿತ ಜಾಲತಾಣಗಳ ನಡುವೆಯೂ ಜಾಹೀರಾತು ತೂರಿಸಲು ಅದು, ತಾಣ ಅಸಲಿಯೇ ಎಂದು ಯಂತ್ರ ನಂಬಲು ನೋಡುವ ಪ್ರಮಾಣಪತ್ರಗಳ ಸಾಲಿಗೆ ತನ್ನದೇ ಒಂದನ್ನು ವಿಂಡೋಸ್‌ನೊಳಗೆ ನೆಟ್ಟಿತ್ತು, ಮತ್ತು ಎಲ್ಲ ಯಂತ್ರಗಳಿಗೂ ಒಂದೇ ಗುಪ್ತ ಕೀಲಿ! ಭದ್ರತಾ ತಜ್ಞ ರಾಬರ್ಟ್ ಗ್ರಹಾಂ ಅದರ ಪಾಸ್‌ವರ್ಡ್ ಒಡೆದು ತೋರಿಸಿದರು. ಆ ಕೀಲಿ ಸಿಕ್ಕವನು ಒಂದೇ ವೈಫೈನಲ್ಲಿ ಕೂತು ನಿಮ್ಮ ಬ್ಯಾಂಕಿನ ವೇಷ ಹಾಕಬಹುದಿತ್ತು. ಸಾಫ್ಟ್‌ವೇರ್ ಅಳಿಸಿದರೂ ಪ್ರಮಾಣಪತ್ರ ಅಲ್ಲೇ ಉಳಿಯುತ್ತಿತ್ತು. 2023ರಲ್ಲಿ ಗಿಗಾಬೈಟ್ ಕಂಪನಿಯ 270ಕ್ಕೂ ಹೆಚ್ಚು ಮಾದರಿಯ ಮದರ್‌ಬೋರ್ಡ್‌ಗಳ ಫರ್ಮ್‌ವೇರ್ ತಾನಾಗಿ ಇಳಿಸುತ್ತಿದ್ದ ಅಪ್‌ಡೇಟರ್ ಕೂಡ ಸರಿಯಾದ ತಪಾಸಣೆಯಿಲ್ಲದೆ ಇಂಟರ್ನೆಟ್‌ನಿಂದ ಕಡತ ತರುತ್ತಿದ್ದುದು ಬಯಲಾಯಿತು.

ಹಾಗಾದರೆ ಬುಡ ಕೀಳುವುದು ಹೇಗೆ? ಸಿಸ್ಟಮ್32ನಲ್ಲಿ ಮೇಲೆ ಹೇಳಿದ ಹೆಸರಿನ ಕಡತ ಇದೆಯೇ ಹುಡುಕಿ. ಇದ್ದರೆ ಬಯಾಸ್ ಸೆಟ್ಟಿಂಗ್ಸ್ ತೆರೆದು ನೋಡಿ. ಏಸಸ್‌ನ ಹಲವು ಬೋರ್ಡುಗಳಲ್ಲಿ ಆರ್ಮರಿ ಕ್ರೇಟ್ ಎಂಬ ಕಂಪನಿಯ ಸಾಫ್ಟ್‌ವೇರ್ ಹಾಕಿಸುವ ಆಯ್ಕೆಯನ್ನು ಅಲ್ಲೇ ಆಫ್ ಮಾಡಬಹುದು. ತಯಾರಕರ ತಾಣದಿಂದ ಬಯಾಸ್ ಅಪ್‌ಡೇಟ್ ಹಾಕಿಕೊಳ್ಳಿ, ಆದರೆ ಕರೆಂಟು ಕೈಕೊಡುವ ಹೊತ್ತಿನಲ್ಲಿ ಬೇಡ, ನಡುವೆ ನಿಂತರೆ ಬೋರ್ಡೇ ಸತ್ತುಹೋಗಬಹುದು. ಕಸ ತೆಗೆಯುತ್ತೇವೆಂದು ಪುಕ್ಕಟೆ ಸಿಗುವ 'ಕ್ಲೀನರ್'ಗಳನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಡಿ. ವಾಯಿದೆ ಮುಗಿದ ಆಂಟಿವೈರಸ್ ತೆಗೆದರೆ ವಿಂಡೋಸ್‌ನ ಸ್ವಂತ ಡಿಫೆಂಡರ್ ತಾನೇ ಎದ್ದು ಕೂರುತ್ತದೆ, ಮನೆಗೆ ಅಷ್ಟು ಸಾಕು.

ಇಷ್ಟೆಲ್ಲ ಹೇಳಿದರೂ ತಯಾರಕರದ್ದೆಲ್ಲ ಕಸವಲ್ಲ. ಟಚ್‌ಪ್ಯಾಡ್, ಫ್ಯಾನು, ಪರದೆಯ ಬೆಳಕಿನ ಗುಂಡಿಗಳನ್ನು ನಡೆಸುವ ಡ್ರೈವರ್‌ಗಳನ್ನು ಮುಟ್ಟಬೇಡಿ. ಬ್ಯಾಟರಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ತಯಾರಕರ ಆ್ಯಪಿನಲ್ಲೇ ಇರುತ್ತದೆ. ಇಡೀ ದಿನ ಚಾರ್ಜರ್‌ಗೆ ಸಿಕ್ಕಿಸಿಟ್ಟೇ ಕೆಲಸ ಮಾಡುವವರು ಅದನ್ನು ಇಟ್ಟುಕೊಳ್ಳಿ.