ಪ್ರಾಡರ್-ವಿಲ್ಲಿ ಸಿಂಡ್ರೋಮ್: ಬೆಳವಣಿಗೆ ಹಾರ್ಮೋನನ್ನು ಎಳವೆಯಲ್ಲೇ ಆರಂಭಿಸುವುದೇಕೆ?

ಬೆಳವಣಿಗೆ ಹಾರ್ಮೋನು ಎಂದೊಡನೆ ನಮ್ಮ ಮನಸ್ಸು ಎತ್ತರದ ಕಡೆಗೆ ಹೋಗುತ್ತದೆ. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ಜೀನ್ ಕಾಯಿಲೆ ಇರುವ ಮಗುವಿನ ವಿಷಯದಲ್ಲಿ ಅಷ್ಟಕ್ಕೇ ನಿಂತರೆ ಚಿಕಿತ್ಸೆಯ ತಿರುಳೇ ಕೈತಪ್ಪುತ್ತದೆ. ಎತ್ತರ ಹೆಚ್ಚುವುದು ನಿಜ, ಆದರೆ ಎಳೆಯ ಮಗುವಿಗೆ ಈ ಔಷಧದಿಂದ ಮೊದಲು ಸಿಗಬೇಕಾದದ್ದು ಸ್ನಾಯುಬಲ.

ಜ್ಯೂರಿಚ್‌ನ ವೈದ್ಯರಾದ ಪ್ರಾಡರ್, ಲ್ಯಾಬ್‌ಹಾರ್ಟ್ ಮತ್ತು ವಿಲ್ಲಿ ಈ ಕಾಯಿಲೆಯನ್ನು 1956ರಲ್ಲಿ ವಿವರಿಸಿದರು. 15ನೇ ವರ್ಣತಂತುವಿನ ಒಂದು ಭಾಗದಲ್ಲಿ ತಂದೆಯಿಂದ ಬಂದ ಜೀನ್‌ಗಳು ಮಾತ್ರ ಕೆಲಸ ಮಾಡುತ್ತವೆ, ತಾಯಿಯಿಂದ ಬಂದವು ಸಹಜವಾಗಿಯೇ ಮೌನವಾಗಿರುತ್ತವೆ. ಹೀಗಾಗಿ ತಂದೆಯ ಕಡೆಯ ತುಣುಕು ಕಳೆದುಹೋದರೆ, ಅಥವಾ ಎರಡೂ ಪ್ರತಿಗಳು ತಾಯಿಯಿಂದಲೇ ಬಂದಿದ್ದರೆ, ಆ ಜೀನ್‌ಗಳ ಕೆಲಸ ಮಾಡುವವರೇ ಇಲ್ಲದಂತಾಗುತ್ತದೆ. ಇದರ ಪೆಟ್ಟು ಹಸಿವು, ಹಾರ್ಮೋನುಗಳನ್ನು ನಿಯಂತ್ರಿಸುವ ಮೆದುಳಿನ ಭಾಗವಾದ ಹೈಪೋಥಲಾಮಸ್‌ಗೆ ಬೀಳುವುದರಿಂದ ಹಸಿವು, ಲೈಂಗಿಕ ಬೆಳವಣಿಗೆ ಮತ್ತು ಬೆಳವಣಿಗೆ ಹಾರ್ಮೋನು ಮೂರೂ ಏರುಪೇರಾಗುತ್ತವೆ.

ಹುಟ್ಟಿದಾಗ ಕಾಣುವುದು ಸಡಿಲವಾದ ಮೈ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿದರೆ ಮಗುವಿನ ತಲೆ ಮತ್ತು ಕೈಕಾಲುಗಳು ಒದ್ದೆ ಬಟ್ಟೆಯಂತೆ ಜೋತುಬೀಳುತ್ತವೆ, ಕಂಕುಳಲ್ಲಿ ಹಿಡಿದೆತ್ತಿದರೆ ಭುಜ ಬಿಗಿಯಾಗದೆ ಮಗು ಕೈಯಿಂದ ಜಾರುತ್ತದೆ. ಅಳು ಕ್ಷೀಣ, ಹಾಲು ಹೀರಲು ಶಕ್ತಿ ಸಾಲದು. ಅನೇಕ ಮಕ್ಕಳಿಗೆ ಮೂಗಿನ ನಳಿಕೆಯಿಂದಲೇ ಹಾಲು ಕೊಡಬೇಕಾಗುತ್ತದೆ. ಇಂಥ ಮಗುವನ್ನು ಕಂಡಾಗ ಮೆತಿಲೇಷನ್ ಪರೀಕ್ಷೆ (ಜೀನ್‌ಗಳ ಮೇಲಿನ ಮೌನದ ರಾಸಾಯನಿಕ ಗುರುತುಗಳನ್ನು ನೋಡುವ ಡಿಎನ್ಎ ಪರೀಕ್ಷೆ) ನೆನಪಾಗಬೇಕು, ಏಕೆಂದರೆ ಈ ಕಾಯಿಲೆಯ 99%ಕ್ಕೂ ಹೆಚ್ಚು ಪ್ರಕರಣಗಳು ಅದರಲ್ಲಿ ಸಿಕ್ಕಿಬೀಳುತ್ತವೆ.

ಮುಂದಿನ ಸಂಗತಿಯನ್ನು ನಿಧಾನವಾಗಿ ಓದಿಕೊಳ್ಳಬೇಕು. ಈ ಮಕ್ಕಳು ತಿಂದು ತಿಂದೇ ದಪ್ಪಗಾಗುತ್ತಾರೆ ಎಂದು ನಾವು ತಿಳಿದಿರುತ್ತೇವೆ, ಆದರೆ ಸುಮಾರು ಎರಡನೇ ವರ್ಷದಿಂದ ಊಟ ಹೆಚ್ಚದಿದ್ದರೂ ತೂಕ ಏರತೊಡಗುತ್ತದೆ. ತಣಿಯದ ಹಸಿವು ಬರುವುದು ಅದಕ್ಕೆ ಎಷ್ಟೋ ವರ್ಷಗಳ ನಂತರ. ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಎಂಬ ದೇಹರಚನೆ ಶೈಶವದಲ್ಲೇ ಇರುವುದರಿಂದ ದೇಹ ಖರ್ಚು ಮಾಡುವ ಕ್ಯಾಲೊರಿಯೂ ಕಡಿಮೆ. ತಾಯಿ ಅತಿಯಾಗಿ ತಿನ್ನಿಸಿದಳು ಎಂದು ದೂರುವುದು ಎಂಥ ಅನ್ಯಾಯ ಎಂಬುದು ಇದರಿಂದ ತಿಳಿಯುತ್ತದೆ.

ಹಾರ್ಮೋನನ್ನು ಬೇಗ ಆರಂಭಿಸುವ ತರ್ಕ ಇಲ್ಲೇ ಇದೆ. ಕೊಬ್ಬು ಶೇಖರವಾಗುವ ಮುನ್ನವೇ ಸ್ನಾಯು ಬೆಳೆದರೆ ಮಗು ಬೇಗ ಕುಳಿತುಕೊಳ್ಳುತ್ತದೆ, ನಡೆಯುತ್ತದೆ, ಓಡಾಟದಿಂದ ಸ್ನಾಯು ಇನ್ನಷ್ಟು ಗಟ್ಟಿಯಾಗುತ್ತದೆ. ಅಮೆರಿಕದಲ್ಲಿ ಈ ಕಾಯಿಲೆಗೆ ಹಾರ್ಮೋನಿನ ಬಳಕೆಗೆ 2000ದಲ್ಲಿ ಅನುಮತಿ ದೊರೆಯಿತು. ಈಗ ಹಲವು ಕೇಂದ್ರಗಳಲ್ಲಿ ಮೊದಲ ವರ್ಷದೊಳಗೇ ಆರಂಭಿಸುತ್ತಾರೆ, ಮತ್ತು ಜೀನ್ ಪರೀಕ್ಷೆಯಿಂದ ಕಾಯಿಲೆ ಖಚಿತವಾದ ಮಗುವಿನಲ್ಲಿ ಹಾರ್ಮೋನಿನ ಕೊರತೆಯನ್ನು ಬೇರೆ ಪರೀಕ್ಷೆಯಿಂದ ತೋರಿಸಬೇಕೆಂಬ ನಿಯಮವಿಲ್ಲ. ಹಸಿವನ್ನು ಮಾತ್ರ ಈ ಔಷಧ ತಗ್ಗಿಸುವುದಿಲ್ಲ. ಊಟದ ಮೇಲಿನ ನಿಗಾ ಜೀವನಪೂರ್ತಿ ಬೇಕು.

ಪ್ರಮಾಣವನ್ನು ದೇಹದ ಮೇಲ್ಮೈ ವಿಸ್ತೀರ್ಣದಿಂದ ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ತೂಕದ ಲೆಕ್ಕದಲ್ಲಿ ಕೊಬ್ಬಿಗೂ ಔಷಧ ಕೊಟ್ಟಂತಾಗುತ್ತದೆ. ಉದ್ದ 70 ಸೆಂ.ಮೀ., ತೂಕ 8 ಕಿಲೋ ಇರುವ ಮಗುವಿನ ವಿಸ್ತೀರ್ಣ ಸುಮಾರು 0.4 ಚದರ ಮೀಟರ್. ಚದರ ಮೀಟರಿಗೆ ದಿನಕ್ಕೆ 0.5 ಮಿ.ಗ್ರಾಂ. ಎಂದು ಹಿಡಿದರೆ ಆರಂಭದ ಪ್ರಮಾಣ 0.2 ಮಿ.ಗ್ರಾಂ.; ಬೆಳವಣಿಗೆ ಹಾರ್ಮೋನಿನ ಪ್ರಭಾವದಿಂದ ದೇಹ ತಯಾರಿಸುವ ಐಜಿಎಫ್-1 ಎಂಬ ವಸ್ತುವಿನ ರಕ್ತದ ಮಟ್ಟವನ್ನು ನೋಡಿಕೊಂಡು ಅದನ್ನು ಮೆಲ್ಲಗೆ ಚದರ ಮೀಟರಿಗೆ 1 ಮಿ.ಗ್ರಾಂ.ವರೆಗೆ ಏರಿಸುತ್ತಾರೆ. ರಾತ್ರಿ ಮಲಗುವ ಮುನ್ನ, ಪೆನ್ನಿನಂಥ ಸಾಧನದಿಂದ, ತೊಡೆಯ ಚರ್ಮದಡಿಗೆ ಚುಚ್ಚುವುದು ವಾಡಿಕೆ.

ಎಚ್ಚರಿಕೆಯ ಭಾಗವನ್ನು ಯಾರೂ ಹಾರಿಸಿ ಓದಬಾರದು. ಚಿಕಿತ್ಸೆ ಬಳಕೆಗೆ ಬಂದ ಮೊದಲ ವರ್ಷಗಳಲ್ಲಿ, ಔಷಧ ಆರಂಭಿಸಿದ ಕೆಲವೇ ತಿಂಗಳಲ್ಲಿ ಕೆಲವು ಮಕ್ಕಳು ತೀರಿಕೊಂಡರು. ಅವರಲ್ಲಿ ಬಹಳಷ್ಟು ಮಂದಿಗೆ ತೀವ್ರ ಬೊಜ್ಜು, ಉಸಿರುದಾರಿಯ ಅಡಚಣೆ ಅಥವಾ ಶ್ವಾಸಕೋಶದ ಸೋಂಕು ಇತ್ತು. ಹಾರ್ಮೋನಿನಿಂದ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಅಡಿನಾಯ್ಡ್ ಗ್ರಂಥಿ ಊದಿ ಗಂಟಲಿನ ದಾರಿ ಕಿರಿದಾಗಬಹುದು. ಆದ್ದರಿಂದ ಮೊದಲು ರಾತ್ರಿಯ ನಿದ್ರಾ ಪರೀಕ್ಷೆ ಮಾಡಿಸಿ, 3ರಿಂದ 6 ತಿಂಗಳೊಳಗೆ ಮತ್ತೆ ಮಾಡಿಸುತ್ತಾರೆ. ಹೊಸದಾಗಿ ಗೊರಕೆ ಕೇಳಿಸಿದರೂ ಕಾಯದೆ ವೈದ್ಯರಿಗೆ ತಿಳಿಸಬೇಕು. ತೀವ್ರ ಬೊಜ್ಜು, ಹತೋಟಿಯಿಲ್ಲದ ಮಧುಮೇಹ, ಚಿಕಿತ್ಸೆಯಾಗದ ತೀವ್ರ ನಿದ್ರಾ ಉಸಿರುಕಟ್ಟು ಇದ್ದಲ್ಲಿ ಹಾರ್ಮೋನು ಕೊಡುವಂತಿಲ್ಲ. ಬೆನ್ನುಮೂಳೆಯ ವಕ್ರತೆ, ಸಕ್ಕರೆ ಮತ್ತು ಥೈರಾಯ್ಡ್ ಮೇಲೂ ಕಣ್ಣಿಡುತ್ತಾರೆ.

ವರ್ಷಗಟ್ಟಲೆ ನಡೆಯುವ ಈ ಚಿಕಿತ್ಸೆ ದುಬಾರಿ. ಭಾರತದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಎರಡನೇ ಗುಂಪಿನಲ್ಲಿ ಪ್ರಾಡರ್-ವಿಲ್ಲಿಗೆ ಕೊಡುವ ಬೆಳವಣಿಗೆ ಹಾರ್ಮೋನಿನ ಹೆಸರಿದೆ. ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಪಡೆಯಲು ಅವಕಾಶವಿದೆ, ಮತ್ತು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಆ ಕೇಂದ್ರಗಳ ಪಟ್ಟಿಯಲ್ಲಿ ಸೇರಿದೆ.