ಬದಲಾದಷ್ಟನ್ನೇ ಸಾಗಿಸುವ ಆರ್‌ಸಿಂಕ್

ಒಂದು ಯೂನಿಕ್ಸ್ ಸರ್ವರ್‌ನ ಫೈಲುಗಳನ್ನು ದಿನಾ ರಾತ್ರಿ ಇನ್ನೊಂದಕ್ಕೆ ಕಳಿಸಬೇಕು. ಇದಕ್ಕೆ ಕ್ರಾನ್ ಇದೆ, ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ಪ್ರೋಗ್ರಾಮ್. ಅದರ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು, ರಾತ್ರಿ 2 ಗಂಟೆಗೆ ಕೆಲಸ ತಾನಾಗಿಯೇ ಶುರುವಾಗುತ್ತದೆ. ಪಾಸ್‌ವರ್ಡ್ ಒತ್ತಲು ಆ ಹೊತ್ತಿನಲ್ಲಿ ಯಾರೂ ಕೂತಿರುವುದಿಲ್ಲ, ಅಲ್ವಾ? ಫೈಲು ಸಾಗಿಸಲು ಎಫ್‌ಟಿಪಿ ಎಂಬ ಹಳೆಯ ವಿಧಾನ ಬಳಸುತ್ತಿದ್ದ ಕಾಲದಲ್ಲಿ ಪಾಸ್‌ವರ್ಡನ್ನು ಒಂದು ಫೈಲಿನಲ್ಲಿ ಬರೆದಿಡುತ್ತಿದ್ದರು. ನೆಟ್‌ವರ್ಕ್‌ನಲ್ಲೂ ಅದು ಹಾಗೇ ಬಯಲಾಗಿಯೇ ಹೋಗುತ್ತಿತ್ತು. 1995ರಲ್ಲಿ ಫಿನ್ಲೆಂಡಿನ ಟಾಟು ಯುಲೊನೆನ್ ಎಸ್‌ಎಸ್‌ಎಚ್ ಬರೆದರು, ಇನ್ನೊಂದು ಯಂತ್ರದೊಡನೆ ಗುಟ್ಟಾಗಿ ಮಾತಾಡುವ ಪ್ರೋಗ್ರಾಮ್. ಪಾಸ್‌ವರ್ಡ್ ಇದ್ದ ಜಾಗಕ್ಕೆ ಕೀ ಎಂಬ ಎರಡು ಫೈಲುಗಳ ಜೋಡಿ ಬಂತು: ಒಂದು ಈ ಯಂತ್ರದಲ್ಲಿ, ಇನ್ನೊಂದು ಆ ಯಂತ್ರದಲ್ಲಿ.

ಆದರೆ ನನಗೆ ಜಾಸ್ತಿ ಬೆರಗು ಹುಟ್ಟಿಸುವುದು ಬೇರೆ ಪ್ರಶ್ನೆ. 1 ಜಿಬಿ ಫೈಲಿನಲ್ಲಿ ನಿನ್ನೆಯಿಂದ ನಾಲ್ಕೇ ಸಾಲು ಬದಲಾಗಿವೆ. ಏನು ಬದಲಾಗಿದೆ ಎಂದು ತಿಳಿಯಲು ಎರಡು ಪ್ರತಿಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಪಕ್ಕದಲ್ಲಿಡಬೇಕಾದರೆ ಒಂದನ್ನು ಪೂರ್ತಿ ಸಾಗಿಸಲೇಬೇಕು!

ಈ ಗಂಟನ್ನು 1996ರಲ್ಲಿ ಬಿಡಿಸಿದವರು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿದ್ದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್. ಅವರ ಆರ್‌ಸಿಂಕ್‌ನಲ್ಲಿ, ಹಳೆಯ ಪ್ರತಿ ಇರುವ ಯಂತ್ರ ಅದನ್ನು ಸಮನಾದ ತುಂಡುಗಳಾಗಿ ನೋಡುತ್ತದೆ. ಪ್ರತಿ ತುಂಡಿಗೂ ಎರಡು ಚೆಕ್‌ಸಮ್, ಅಂದರೆ ತುಂಡಿನ ಗುರುತಾಗುವ ಪುಟ್ಟ ಸಂಖ್ಯೆ, ಲೆಕ್ಕ ಹಾಕುತ್ತದೆ. ಒಂದು 32 ಬಿಟ್‌ನದು, ಬೇಗ ಆಗುವಂಥದ್ದು. ಇನ್ನೊಂದು ನಿಧಾನದ್ದು, ಆದರೆ ನಂಬಿಕಸ್ಥ. ಈ ಪಟ್ಟಿಯಷ್ಟೇ ಆ ಕಡೆಗೆ ಹೋಗುತ್ತದೆ.

ಹೊಸ ಪ್ರತಿ ಇರುವ ಯಂತ್ರ ಅವೇ ತುಂಡುಗಳನ್ನು ತನ್ನ ಫೈಲಿನಲ್ಲಿ ಹುಡುಕಬೇಕು. ಫೈಲಿನ ಶುರುವಿನಲ್ಲಿ ಒಂದೇ ಒಂದು ಅಕ್ಷರ ಸೇರಿಸಿದ್ದರೂ ಮುಂದಿನದೆಲ್ಲ ಜರುಗಿರುತ್ತದೆ. ಹಾಗಾಗಿ ಒಂದೊಂದೇ ಬೈಟ್ ಸರಿಯುತ್ತ ಹುಡುಕಬೇಕು. ಪ್ರತಿ ಸಲವೂ ಹೊಸದಾಗಿ ಕೂಡಿದರೆ ಬೆಳಗಾದರೂ ಮುಗಿಯದು. ಡೇರಿಗೆ ಹಾಕಿದ ಹಾಲಿನ ಹತ್ತು ದಿನದ ಲೆಕ್ಕ ನೆನೆಸಿಕೊಳ್ಳಿ. ಮರುದಿನ ಹತ್ತನ್ನೂ ಮತ್ತೆ ಕೂಡುವುದಿಲ್ಲ. ಹಳೆಯ ಒಂದು ದಿನ ಕಳೆದು, ಇವತ್ತಿನದನ್ನು ಸೇರಿಸುತ್ತೇವೆ. ಮೊದಲ ಚೆಕ್‌ಸಮ್ ಕೂಡ ಹೀಗೇ ಉರುಳುತ್ತ ಹೋಗುತ್ತದೆ. ಅದು ತಾಳೆಯಾದ ಕಡೆ ಮಾತ್ರ ಎರಡನೆಯದರ ಕೆಲಸ. ಎರಡೂ ತಾಳೆಯಾದರೆ ‘ನಿನ್ನ ಹತ್ತಿರ ಇರುವ ಇಂಥ ತುಂಡು’ ಎಂದು ಹೇಳಿದರೆ ಆಯಿತು. ಸಿಗದ ಭಾಗವಷ್ಟೇ ಪ್ರಯಾಣ ಮಾಡುತ್ತದೆ. ಎಷ್ಟು ಚೆಂದದ ಉಪಾಯ!

ಗಾತ್ರ, ತಾರೀಕು ಎರಡೂ ಬದಲಾಗದ ಫೈಲುಗಳನ್ನು ಸಾಮಾನ್ಯವಾಗಿ ಆರ್‌ಸಿಂಕ್ ತೆರೆದೂ ನೋಡುವುದಿಲ್ಲ.

ಕ್ರಾನ್ ಕೈಗೆ ಒಪ್ಪಿಸುವಾಗ ಒಂದೇ ಭಯ: ಆರ್‌ಸಿಂಕ್‌ನ ಡಿಲೀಟ್ ಎಂಬ ಆಯ್ಕೆ. ಮೂಲದಲ್ಲಿ ಇಲ್ಲದ್ದನ್ನು ಅದು ಆ ಕಡೆಯೂ ಅಳಿಸುತ್ತದೆ. ಒಂದು ರಾತ್ರಿ ಮೂಲದ ಡಿಸ್ಕ್ ಮೌಂಟ್ ಆಗಿಲ್ಲ, ಅಂದರೆ ಜೋಡಣೆಯಾಗಿಲ್ಲ, ಅಂದುಕೊಳ್ಳಿ. ಅಲ್ಲಿ ಕಾಣುವುದು ಖಾಲಿ ಫೋಲ್ಡರ್. ಬೆಳಗಾಗುವಷ್ಟರಲ್ಲಿ ಬ್ಯಾಕಪ್ ಕೂಡ ಖಾಲಿ. ಅದಕ್ಕೇ ನಾನು ಮೊದಲು ಡ್ರೈ ರನ್, ಅಂದರೆ ನಿಜವಾಗಿ ಏನೂ ಬದಲಿಸದ ಅಭ್ಯಾಸದ ಓಟ, ಮಾಡಿ ಏನೇನು ಅಳಿಯುತ್ತದೆ ಎಂದು ನೋಡುತ್ತೇನೆ. ಆಮೇಲೆ ಮ್ಯಾಕ್ಸ್ ಡಿಲೀಟ್ ಹಾಕಿ, ಇಷ್ಟಕ್ಕಿಂತ ಹೆಚ್ಚು ಫೈಲು ಅಳಿಸಬೇಡ ಎಂದು ಗೆರೆ ಎಳೆದೇ ಕ್ರಾನ್‌ಟ್ಯಾಬ್‌ಗೆ ಸೇರಿಸುತ್ತೇನೆ.